ಚರ್ಚ್ ಲೇನಿನ ಡೊಂಕು

ನಮ್ಮ ಅಡುಗೆಮನೆಯಲ್ಲಿ ದೋಸೆ ಹಿಟ್ಟಿನ ಪಾತ್ರೆಯ ಮೇಲೆ ಇಂಗ್ಲೆಂಡಿನ ಒಂದು ಹಳ್ಳಿಯನ್ನು ಹೊದಿಸಿದೆ. ಹಳ್ಳಿ ಎಂದರೆ ಹಳ್ಳಿಯ ನಕಾಶೆ. ನಕಾಶೆ ಎಂದರೆ ಅದನ್ನು ಅಚ್ಚು ಹಾಕಿದ ಒಂದು ದಪ್ಪ ಹತ್ತಿಬಟ್ಟೆ. ಪಾತ್ರೆ ಒರೆಸುವ ಬಟ್ಟೆಯ ಮೇಲೆ ತಮ್ಮ ಊರಿನ ಚಿತ್ರ ಬರೆಸಿ ಬಂದವರಿಗೆ ಮಾರುವುದು ಆ ದೇಶದ ರೂಢಿ. ಕೊಂಡವರು ಅದರಲ್ಲಿ ಪಾತ್ರೆ ಒರೆಸದೆ ಗೋಡೆಗೆ ತೂಗುಹಾಕುತ್ತಾರಂತೆ. ನಮ್ಮಾಕೆ ಜಯಲಕ್ಷ್ಮಿ ಇಂಥ ನಾಜೂಕಿಗೆ ಮಣಿಯುವವಳಲ್ಲ. ಬಟ್ಟೆ ಬಂದ ದಿನವೇ ಒಗೆದು ಹಿಟ್ಟಿನ ಪಾತ್ರೆಗೆ ಮುಚ್ಚಿದಳು. ನಾವಿರುವ ಮಿಶಿಗನ್ನಿನ ಫಾರ್ಮಿಂಗ್ಟನ್ ಹಿಲ್ಸಿನ ಚಳಿಯಲ್ಲಿ ಹಿಟ್ಟು ಹುದುಗುವುದೇ ಒಂದು ಪವಾಡ. ಓವನ್ನಿನ ಒಳಗಿಟ್ಟು, ಅದರ ದೀಪವನ್ನು ಹಾಕಿಟ್ಟು ಕಾಯಬೇಕು. ಪವಾಡ ನಡೆದ ಬೆಳಿಗ್ಗೆ ಬಟ್ಟೆ ಉಬ್ಬಿ, ಹಳ್ಳಿಯ ಚರ್ಚಿನ ಗೋಪುರ ಎರಡಂಗುಲ ಮೇಲೆದ್ದಿರುತ್ತದೆ. ನನ್ನ ಹೊಟ್ಟೆಯೊಳಗೂ ಅದೇ ಪ್ರಮಾಣದಲ್ಲಿ ಏನೋ ಉಬ್ಬುತ್ತದೆ. ಅದು ಹಸಿವಲ್ಲ, ಹೊಟ್ಟೆಕಿಚ್ಚು.

ಹಳ್ಳಿಯ ಹೆಸರು ಹ್ಯಾಡರ್ಲಿ. ಬಟ್ಟೆ ತಂದುಕೊಟ್ಟವನು ಸೀತಾರಾಮು.

ಸೀತಾರಾಮು ನನ್ನ ನಲವತ್ತು ವರ್ಷದ ಗೆಳೆಯ. ಇಬ್ಬರೂ ಕಾರಿನ ಬಿಡಿಭಾಗ ಮಾಡುವ ಒಂದೇ ಕಂಪನಿಯಲ್ಲಿ ಸವೆದು ನಿವೃತ್ತರಾದವರು. ಅವನು ರಾಚೆಸ್ಟರ್ ಹಿಲ್ಸಿನಲ್ಲಿದ್ದಾನೆ, ನಾನಿಲ್ಲಿದ್ದೇನೆ. ನಡುವೆ ಮೂವತ್ತು ಮೈಲಿಯೂ ನಿತ್ಯದ ಫೋನೂ ಇವೆ. ಅವನು ನನಗಿಂತ ಮೊದಲು ಮ್ಯಾನೇಜರಾದ, ನಾನು ಸಹಿಸಿದೆ. ಅವನ ಮನೆಗೆ ಮೂರು ಕಾರಿನ ಗ್ಯಾರೇಜಿದೆ, ಅದನ್ನೂ ಸಹಿಸಿದೆ. ಅವನಿಗೆ ತಲೆಯಲ್ಲಿ ಇನ್ನೂ ಕೂದಲಿದೆ. ಇದನ್ನು ಸಹಿಸುವುದು ಕಷ್ಟವಾಯಿತು, ಆದರೂ ಸಹಿಸಿದೆ. ಆದರೆ ಅವನ ಮಗಳು ಅನಘಾ ಒಬ್ಬ ಇಂಗ್ಲಿಷ್ ಹುಡುಗನನ್ನು ಮದುವೆಯಾಗಿ ಹ್ಯಾಡರ್ಲಿಗೆ ಹೋಗಿ ನೆಲೆಸಿದ ಮೇಲೆ ನನ್ನ ಸಹನೆಯ ಕಟ್ಟೆಯಲ್ಲಿ ಬಿರುಕು ಬಿಟ್ಟಿತು. ಮೇ ತಿಂಗಳಲ್ಲಿ ವಿಮಾನ ಹತ್ತುವ ಈ ಮನುಷ್ಯ ಸೆಪ್ಟೆಂಬರ್ ಮುಗಿಯುವವರೆಗೆ ಅಲ್ಲಿ ಹಳ್ಳಿಯವನಾಗಿರುತ್ತಾನೆ. ಅತಿಥಿಯಾಗಿ ಅಲ್ಲ ಸ್ವಾಮಿ, ಹಳ್ಳಿಯವನಾಗಿ.

ಕಳೆದ ಅಕ್ಟೋಬರಿನಲ್ಲಿ ಬಟ್ಟೆಯ ಜೊತೆಗೆ ಈ ಸುದ್ದಿಯನ್ನೂ ಹೊತ್ತು ಬಂದ. ಚರ್ಚಿನ ಗಡಿಯಾರಕ್ಕೆ ವಾರಕ್ಕೆರಡು ಬಾರಿ ಕೀ ಕೊಡಬೇಕು. ಊರವರು ಸರದಿ ಹಾಕಿಕೊಂಡಿದ್ದಾರೆ. ಆ ಸರದಿಯಲ್ಲಿ ಇವನಿಗೂ ಜಾಗ ಸಿಕ್ಕಿದೆ.

"ಬುಧವಾರ ನನ್ನ ಡ್ಯೂಟಿ ಕಣಯ್ಯ. ನಾನು ಮೇಲೆ ಹತ್ತಿ ಕೀ ಕೊಡ್ಲಿಲ್ಲ ಅಂದ್ರೆ ಇಡೀ ಹ್ಯಾಡರ್ಲಿಗೆ ಟೈಮ್ ನಿಂತುಹೋಗತ್ತೆ."

"ಎಲ್ಲರ ಜೇಬಲ್ಲೂ ಫೋನಿದೆಯಲ್ಲಯ್ಯ," ಎಂದೆ.

"ಫೋನಲ್ಲಿರೋದು ಬರೀ ಟೈಮು. ಗೋಪುರದಲ್ಲಿರೋದು ಊರಿನ ಟೈಮು. ನಿನಗದು ಅರ್ಥವಾಗಲ್ಲ ಬಿಡು ನಾಗು, ನೀನು ಯಾವ ಊರಲ್ಲೂ ಇದ್ದವನಲ್ಲ."

ಅಷ್ಟಕ್ಕೇ ನಿಲ್ಲಿಸಿದನೆ? ಹ್ಯಾಡರ್ಲಿಯಲ್ಲಿ ಬೇಸಿಗೆ ಮುಗಿಯುವಾಗ ತರಕಾರಿ ಸ್ಪರ್ಧೆ ನಡೆಯುತ್ತದೆ. ಉದ್ದುದ್ದ ಮೇಜುಗಳ ಮೇಲೆ ಈರುಳ್ಳಿ, ಕ್ಯಾರೆಟ್ಟು, ಬೀನ್ಸು ಇಟ್ಟು ತೀರ್ಪುಗಾರರು ನ್ಯಾಯಾಧೀಶರ ಗಾಂಭೀರ್ಯದಿಂದ ಅಳೆದು ನೋಡುತ್ತಾರೆ. ಕೊನೆಯಲ್ಲೊಂದು ಮೇಜಿಗೆ 'ಬೇರೆ ಯಾವುದೇ ತರಕಾರಿ' ಎಂದು ಹೆಸರು. ಆ ಮೇಜಿನ ಮೇಲೆ ಸೀತಾರಾಮು ಒಂದು ಪಡವಲಕಾಯಿ ಮಲಗಿಸಿ ಎರಡನೆಯ ಬಹುಮಾನ ಹೊಡೆದ. ನೀಲಿ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿ ತಂದು ನನಗೆ ತೋರಿಸಿದ. ಇಲ್ಲಿ ಒಂದು ಮಾತನ್ನು ದಾಖಲೆಗೆ ಹಾಕಲೇಬೇಕು: ಆ ಪಡವಲದ ಬೀಜ ಕೊಟ್ಟವನು ನಾನು. ಅದೇ ಬೀಜದಿಂದ ಇಲ್ಲಿ ನಾನು ಬೆಳೆಸಿದ ಬಳ್ಳಿಯನ್ನು ಜಿಂಕೆಗಳು ಬುಡಸಮೇತ ತಿಂದುಹಾಕಿದವು. ಮಿಶಿಗನ್ನಿನ ಜಿಂಕೆಗಳು ಯಾರಿಗೂ ಕಾರ್ಡು ಕೊಡುವುದಿಲ್ಲ.

ಜೊತೆಗೆ ಒಂದು ಪುಸ್ತಕವನ್ನೂ ತಂದಿದ್ದ. ಹ್ಯಾಡರ್ಲಿಯಲ್ಲಿ ಏಳೆಂಟು ಮಂದಿ ಹಿರಿಯರು ತಿಂಗಳಿಗೊಮ್ಮೆ ಚಹಾ ಕುಡಿಯುತ್ತ ತಮ್ಮ ಊರಿನ ಇತಿಹಾಸ ಬರೆಯುತ್ತಾರೆ. ಅವರು ಅಚ್ಚು ಮಾಡಿಸಿದ ಅರವತ್ತು ಪುಟದ ಪುಸ್ತಿಕೆ ಅದು. ಕೊನೆಯ ಪುಟದಲ್ಲಿ, ಗಡಿಯಾರಕ್ಕೆ ಕೀ ಕೊಟ್ಟವರ ಪಟ್ಟಿಯ ಕಟ್ಟಕಡೆಗೆ, ಅಚ್ಚಿನಲ್ಲಿ, ಸೀತಾರಾಮು.

ಅದನ್ನು ನಾನು ಆ ಚಳಿಗಾಲದಲ್ಲಿ ನಾಲ್ಕು ಸಲ ಓದಿದೆ. ಮೊದಲ ಸಲ ತಪ್ಪು ಹುಡುಕಲೆಂದು ಓದಿದೆ. ಆಮೇಲೆ ತಡೆಯಲಾಗದೆ ಓದಿದೆ. ಎಂಥ ಊರು ಅದು! ಚರ್ಚಿನ ಅಂಗಳದ ಸಮಾಧಿಗಳ ಮೇಲೆಲ್ಲ ತಿರುತಿರುಗಿ ನಾಲ್ಕೇ ಮನೆತನದ ಹೆಸರುಗಳು. ಅದೇ ಹೆಸರಿನವರು ಈಗಲೂ ಅಂಗಡಿಯಲ್ಲಿ ಬ್ರೆಡ್ಡು ತೂಗುತ್ತಿದ್ದಾರೆ. ಕಮ್ಮಾರ ಹೋಗಿ ಮೂರು ತಲೆಮಾರಾದರೂ ಅವನಿದ್ದ ಮನೆಗೆ ಕಮ್ಮಾರನ ಮನೆ ಎಂದೇ ಹೆಸರು. ಬೀಡಾಡಿ ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿ ಈಗಲೂ ಇದೆ, ನಾಲ್ಕು ಮೋಟು ಗೋಡೆಯಾಗಿ. ಒಳಗೊಂದು ಬೆಂಚು ಹಾಕಿದ್ದಾರೆ. ಹಿಂದೆ ಕೊಯ್ಲು ಮುಗಿದ ಗದ್ದೆಯಲ್ಲಿ ಬಡ ಹೆಂಗಸರು ಉದುರಿದ ತೆನೆಯ ಹಕ್ಕಲು ಆಯಬಹುದಿತ್ತು; ಆದರೆ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸುವವರೆಗೆ ಯಾರೂ ಗದ್ದೆಗೆ ಕಾಲಿಡುವಂತಿರಲಿಲ್ಲ. ಬೇಗ ಏಳಬಲ್ಲ ಗಟ್ಟಿಗಿತ್ತಿಯರೇ ಎಲ್ಲ ಬಾಚಿಕೊಳ್ಳಬಾರದೆಂದು ಈ ಕಟ್ಟಳೆ. ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಗದ್ದೆಯ ಅಂಚಿನಲ್ಲಿ ಗಂಟೆಗಾಗಿ ಕಿವಿಗೊಟ್ಟು ನಿಂತ ಆ ಹೆಂಗಸರ ಹೆಸರುಗಳೂ ಪುಸ್ತಕದಲ್ಲಿವೆ. ನಾಲ್ಕು ಕಾಳು ಗೋಧಿಗೆ ಕಾದವರಿಗೂ ಊರಿನ ಇತಿಹಾಸದಲ್ಲಿ ಒಂದು ಸಾಲು!

ಆದರೆ ನನ್ನ ಕಿಚ್ಚಿಗೆ ತುಪ್ಪ ಸುರಿದದ್ದು ಮೂವತ್ತೆರಡನೆಯ ಪುಟ. ಅಲ್ಲಿ ಒಂದು ದಾರಿಯ ಡೊಂಕಿನ ವರ್ಣನೆಯಿದೆ. ಚರ್ಚಿನ ಹಿಂದೆ ನೆಟ್ಟಗೆ ಸಾಗುವ ದಾರಿ ಒಂದು ಕಡೆ ಕಾರಣವೇ ಇಲ್ಲದೆ ಬಲಕ್ಕೆ ಬಾಗಿ, ಏನನ್ನೋ ಬಳಸಿ, ಮತ್ತೆ ನೆಟ್ಟಗಾಗುತ್ತದೆ. ಅಲ್ಲಿ ಬಳಸುವಂಥದ್ದು ಏನೂ ಇಲ್ಲ, ಬರೀ ಹುಲ್ಲು. ಒಂದು ದೊಡ್ಡ ಮರವಿತ್ತು ಎಂದು ಕೆಲವರು. ಜಾಗ ಬಿಡಲೊಲ್ಲದ ಹಟಮಾರಿಯೊಬ್ಬನ ಹಂದಿಗೂಡಿತ್ತು ಎಂದು ಉಳಿದವರು. ಇಡೀ ಒಂದು ಪುಟ ಚರ್ಚೆ ಮಾಡಿ, ಗೊತ್ತಿಲ್ಲ ಎಂದು ಹೆಮ್ಮೆಯಿಂದ ಮುಗಿಸಿದ್ದಾರೆ.

"ಯಾರಿಗೂ ಗೊತ್ತಿಲ್ಲ ಕಣಯ್ಯ, ಆದ್ರೂ ಎಲ್ಲರೂ ಸುತ್ತಿಕೊಂಡೇ ಹೋಗ್ತಾರೆ," ಎಂದು ಸೀತಾರಾಮು ಕಣ್ಣರಳಿಸಿ ಹೇಳಿದ. "ನಾನೂ ಹಾಗೇ ಹೋಗ್ತೀನಿ. ಹುಲ್ಲಿನ ಮೇಲೆ ಅಡ್ಡ ದಾಟಬಹುದು. ದಾಟಲ್ಲ. ಊರು ಅಂದ್ರೆ ಅದು."

ನನಗೆ ಯಾಕಿಷ್ಟು ಉರಿಯಿತೆಂದು ತಿಳಿಯಬೇಕಾದರೆ ನೀವು ಇಲ್ಲಿಯ ಯಾವುದಾದರೂ ಕನ್ನಡದವರ ಊಟಕ್ಕೆ ಬರಬೇಕು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಹಿಂದಿನವರು ಕೇಳುವ ಮೊದಲ ಪ್ರಶ್ನೆ, "ತಮ್ಮದು ಯಾವೂರು?" ಡೆಟ್ರಾಯಿಟ್ಟಿನಲ್ಲೇ ಆಗಲಿ, ಷಿಕಾಗೋ ಪಕ್ಕದ ಇಟಾಸ್ಕಾದ ಹೋಟೆಲಿನ ಮದುವೆಯಲ್ಲೇ ಆಗಲಿ, ಇದೇ ಪ್ರಶ್ನೆ. ಮೈಸೂರು ಎಂದರೆ ಯಾವ ಮೊಹಲ್ಲಾ ಎನ್ನುತ್ತಾರೆ. ಹುಬ್ಬಳ್ಳಿ ಎಂದರೆ ಯಾವ ಓಣಿ ಎನ್ನುತ್ತಾರೆ. ಸಾರು ಬಡಿಸುವ ಜಾಗಕ್ಕೆ ಬರುವಷ್ಟರಲ್ಲಿ ಹೇಗೋ ನೆಂಟರಾಗಿಬಿಡುತ್ತಾರೆ. ನಾನು ಮಾತ್ರ ತಡವರಿಸಿ, "ಹೀಗೇ... ರೈಲ್ವೆಯವರು," ಎನ್ನುತ್ತೇನೆ. ಪ್ರಶ್ನೆ ಕೇಳಿದವರು ಅಯ್ಯೋ ಪಾಪ ಎಂಬಂತೆ ನನ್ನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕುತ್ತಾರೆ.

ನಮ್ಮ ತಂದೆ ಸ್ಟೇಷನ್ ಮಾಸ್ಟರು. ಮೂರು ವರ್ಷಕ್ಕೊಂದು ವರ್ಗ. ಯಲಿಯೂರು, ಅಕ್ಕಿಹೆಬ್ಬಾಳು, ಬಾಣಾವರ, ಅಜ್ಜಂಪುರ, ಹೀಗೆ ನನ್ನ ಬಾಲ್ಯ ಒಂದು ಪ್ಯಾಸೆಂಜರ್ ಗಾಡಿಯ ವೇಳಾಪಟ್ಟಿ. ಇಷ್ಟೊಂದು ಊರುಗಳಿದ್ದವಲ್ಲ ಎನ್ನಬೇಡಿ. ಸ್ಟೇಷನ್ನಿಗೆ ಊರಿನ ಹೆಸರಿರುತ್ತದೆ, ಊರಿರುವುದಿಲ್ಲ. ಊರು ಒಂದು ಮೈಲಿ ಆಚೆಗಿರುತ್ತದೆ. ಈಚೆಗೆ ನಾವು: ಒಂದೇ ಅಚ್ಚಿನ ಎರಡು ಕ್ವಾರ್ಟರ್ಸು, ಒಂದು ನಲ್ಲಿ, ಒಂದು ಬೇವಿನ ಮರ, ಹಳದಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ ನಮ್ಮದಲ್ಲದ ಒಂದು ಊರಿನ ಹೆಸರು. ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಎತ್ತರ ಎಂದು ಬರೆದಿರುತ್ತಿತ್ತು. ಹೊಸ ಶಾಲೆಯಲ್ಲಿ ಹುಡುಗರು ಊರಿನ ಬಗ್ಗೆ ಜಂಬ ಕೊಚ್ಚಿಕೊಂಡಾಗ ನಾನು ಆ ಅಂಕಿಯನ್ನು ಬಾಯಿಪಾಠ ಒಪ್ಪಿಸುತ್ತಿದ್ದೆ. ಯಾರೂ ಬೆರಗಾಗಲಿಲ್ಲ.

ಆ ಊರುಗಳಲ್ಲೊಂದರಲ್ಲಿ ಮಾರಮ್ಮನ ಹಬ್ಬಕ್ಕೆ ಮನೆಗೊಂದು ತಂಬಿಟ್ಟಿನ ಆರತಿ ಹೊರಡಬೇಕು. ಹಿಂದಿನ ದಿನ ತಮಟೆ ಬಾರಿಸಿಕೊಂಡು ಬಂದು ಮನೆಮನೆಗೂ ಸಾರುತ್ತಾರೆ. ನಮ್ಮಮ್ಮ ಅಕ್ಕಿ ಹುರಿದು ಬೀಸಿ, ಬೆಲ್ಲ ಕಲಸಿ, ತಂಬಿಟ್ಟು ಕಟ್ಟಿ, ಹೂವು ಸಿಕ್ಕಿಸಿ ಸಿದ್ಧವಾಗಿ ಕೂತಳು. ತಮಟೆ ರೈಲ್ವೆ ಗೇಟಿನವರೆಗೆ ಬಂತು. ಅಲ್ಲಿ ಸ್ವಲ್ಪ ನಿಂತಿತು. ಹಾಗೇ ಹಿಂತಿರುಗಿತು. ಗೇಟಿನ ಹನುಮಂತನನ್ನು ಅಮ್ಮ ಕೇಳಿದ್ದಕ್ಕೆ ಅವನು, "ಸ್ಟೇಸನ್ನೋರು ಲೆಕ್ಕಕ್ಕಿಲ್ಲ ಕಣವ್ವ. ಇವತ್ತು ಇರ್ತೀರಿ, ನಾಳೆ ಗಾಡಿ ಹತ್ತೀರಿ," ಎಂದ. ಒಳ್ಳೆಯ ಮನಸ್ಸಿನಿಂದಲೇ ಎಂದ. ಮಾರನೆಯ ಸಂಜೆ ಊರಿನ ಕಡೆಯಿಂದ ತಮಟೆ ಕೇಳಿಬರುವಾಗ ಅಮ್ಮ ಆರತಿ ಹಚ್ಚಿಕೊಂಡು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಳು. ಆಗ ಬಂದ ಗೂಡ್ಸ್ ಗಾಡಿಯ ಡ್ರೈವರು ಎಂಜಿನ್ನಿನಿಂದಲೇ ಕೈ ಮುಗಿದು ಹೋದ. ತಂಬಿಟ್ಟನ್ನು ನಾವೇ ತಿಂದೆವು. ಚೆನ್ನಾಗಿತ್ತು. ಆದರೆ ಅವತ್ತು ಹೊತ್ತಿದ ಕಿಚ್ಚು ಇವತ್ತಿಗೂ ನೆಟ್ಟಗೆ ಆರಿಲ್ಲ.

ಇನ್ನು ನಾನೀಗ ಇಪ್ಪತ್ತಾರು ವರ್ಷದಿಂದ ಇರುವ ಬಡಾವಣೆ. ಹೆಸರು ವಿಕರೇಜ್ ಗ್ರೀನ್. ವಿಕರೇಜ್ ಎಂದರೆ ಇಂಗ್ಲೆಂಡಿನ ಹಳ್ಳಿಯಲ್ಲಿ ಪಾದ್ರಿಗಳ ಮನೆ. ಇಲ್ಲಿ ಪಾದ್ರಿಯೂ ಇಲ್ಲ, ಅವರ ಮನೆಯೂ ಇಲ್ಲ. ಕಟ್ಟಿಸಿದ ಕಂಟ್ರಾಕ್ಟರನಿಗೆ ಇಂಗ್ಲಿಷ್ ಹಳ್ಳಿಯ ಖಯಾಲಿ. ಮಿಲ್ ಲೇನ್ ಇದೆ, ಗಿರಣಿಯಿಲ್ಲ. ಬ್ಲ್ಯಾಕ್‌ಸ್ಮಿತ್ ಕೋರ್ಟ್ ಇದೆ, ಅಲ್ಲಿ ಕಮ್ಮಾರನ ಬದಲು ಇಬ್ಬರು ಹಲ್ಲಿನ ಡಾಕ್ಟರುಗಳಿದ್ದಾರೆ. ನಾನಿರುವುದು ಚರ್ಚ್ ಲೇನಿನಲ್ಲಿ. ಹತ್ತಿರದ ಚರ್ಚು ನಾಲ್ಕು ಮೈಲಿ ದೂರದಲ್ಲಿ ಹೆದ್ದಾರಿಯ ಎಕ್ಸಿಟ್ ಪಕ್ಕ ಇದೆ, ಅದು ಕೊರಿಯಾದವರದು. ಒಟ್ಟಿನಲ್ಲಿ ಇನ್ನೊಂದು ಸ್ಟೇಷನ್ನು. ಹಲಗೆಯ ಮೇಲೆ ಹೆಸರು, ಊರು ಎಲ್ಲೋ ಆಚೆ. ಸಮುದ್ರಮಟ್ಟದ ಎತ್ತರವನ್ನೂ ಬರೆದಿಲ್ಲ.

ಈ ಬಡಾವಣೆಯಲ್ಲಿ ಮೊದಲು ಕಾಲುದಾರಿ ಇರಲಿಲ್ಲ. ನಾವು ಬಂದ ಎರಡನೆಯ ಬೇಸಿಗೆಯಲ್ಲಿ ಮನೆ ಮಾಲೀಕರ ಸಂಘದವರು ಮನೆಗಳ ಮುಂದೆಲ್ಲ ಸಿಮೆಂಟಿನ ಸೈಡ್‌ವಾಕ್ ಹಾಕಿಸಿದರು. ಬಾಣ ಬಿಟ್ಟಹಾಗೆ ನೆಟ್ಟಗಿದೆ, ನಮ್ಮ ಮನೆಯ ಮುಂದಿನ ತುಂಡಿನ ಹೊರತು. ನಮ್ಮ ಮನೆಯ ಮುಂದೆ ಮಾತ್ರ ಅದು ರಸ್ತೆಯ ಕಡೆಗೆ ಬಾಗಿ, ಹೊಟ್ಟೆ ಉಬ್ಬಿಸಿ, ಒಂದು ಕಡೆ ಮೊಣಕೈಯಂತೆ ತಿವಿದು, ಮತ್ತೆ ನೆಟ್ಟಗಾಗುತ್ತದೆ. ಅವರವರ ಮುಂದಿನ ಹಿಮವನ್ನು ಅವರವರೇ ತೆಗೆಯಬೇಕೆಂಬುದು ಇಲ್ಲಿಯ ನಿಯಮ. ಪ್ರತಿ ಚಳಿಗಾಲವೂ ನನ್ನ ಸ್ನೋ ಬ್ಲೋವರ್ ಆ ಮೊಣಕೈಗೆ ಬಡಿದು, ಹಿಮದ ಬದಲು ಹುಲ್ಲು ಮಣ್ಣು ಎಲ್ಲವನ್ನೂ ಕೆದರಿ ನನ್ನ ಮುಖಕ್ಕೇ ಎರಚುತ್ತದೆ. ಪ್ರತಿ ಚಳಿಗಾಲವೂ ನಾನು ಸಂಘಕ್ಕೆ ಒಂದು ದೂರು ಬರೆಯುತ್ತೇನೆ. ಮೊದಲ ಕಾಗದದಲ್ಲಿ 'ಯಾವನೋ ಮೂರ್ಖನ ಕೆಲಸ' ಎಂದಿದ್ದೆ. ಕ್ರಮೇಣ ನನ್ನ ಶೈಲಿ ಪಕ್ವವಾಯಿತು. "ಅಪ್ಪಾ, ಇಟ್ಸ್ ಜಸ್ಟ್ ಎ ಸೈಡ್‌ವಾಕ್," ಎಂದು ಮಗಳು ಪ್ರತಿ ಸಲವೂ ಫೋನಿನಲ್ಲಿ ಹೇಳುತ್ತಾಳೆ. ಜಯ ಏನೂ ಹೇಳುವುದಿಲ್ಲ. ದೂರು ಬರೆಯುವಾಗ ಕಾಫಿ ತಂದಿಟ್ಟು ಸುಮ್ಮನೆ ಹೋಗುತ್ತಾಳೆ. ಅದನ್ನು ನಾನು ಪತಿಭಕ್ತಿ ಎಂದು ತಿಳಿದಿದ್ದೆ.

ಈ ವರ್ಷ ಏಪ್ರಿಲಿನಲ್ಲಿ ಸಂಘದಿಂದ ಉತ್ತರ ಬಂತು. ತಮ್ಮ ದೀರ್ಘಕಾಲದ ದೂರನ್ನು ಪರಿಗಣಿಸಲಾಗಿದೆ, ಮೇ ತಿಂಗಳಲ್ಲಿ ಡೊಂಕನ್ನು ಒಡೆದು ನೆಟ್ಟಗೆ ಮಾಡಲಾಗುವುದು. ಜೀವಮಾನದಲ್ಲಿ ನನಗೆ ದೊರೆತ ಏಕೈಕ ರಾಜಕೀಯ ವಿಜಯ. ಕಾಗದವನ್ನು ಫ್ರಿಜ್ಜಿಗೆ ಅಂಟಿಸಿದೆ.

ಅದೇ ಹೊತ್ತಿಗೆ ನಾನು ಇನ್ನೊಂದು ಮಹಾಕಾರ್ಯಕ್ಕೆ ಕೈ ಹಾಕಿದ್ದೆ. ಹ್ಯಾಡರ್ಲಿಗೆ ಅರವತ್ತು ಪುಟದ ಇತಿಹಾಸವಿದ್ದರೆ ವಿಕರೇಜ್ ಗ್ರೀನಿಗೆ ಆರು ಪುಟದ್ದಾದರೂ ಇರಬೇಡವೆ? ನಾನೇ ಬರೆಯುವುದು, ನಾನೇ ಅದರಲ್ಲಿ ಬರುವುದು ಎಂದು ನಿರ್ಧರಿಸಿದೆ. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಶೀರ್ಷಿಕೆ ಬರೆದು ಎರಡು ಗೆರೆ ಎಳೆದೆ. ಮುಂದೆ ಬರೆಯಲು ಏನೂ ಇರಲಿಲ್ಲ. ಎರಡು ವಾರ ಗೆರೆಗಳನ್ನೇ ದಪ್ಪ ಮಾಡಿ, ಕೊನೆಗೆ ಎದುರು ಮನೆಯ ಡೊರೊತಿಯವರ ಬಾಗಿಲು ತಟ್ಟಿದೆ.

ಡೊರೊತಿಯವರಿಗೆ ಎಂಬತ್ತೆಂಟು. ಬಡಾವಣೆಯ ಮೊದಲ ಮನೆ ಅವರದು. ಇಪ್ಪತ್ತಾರು ವರ್ಷದಿಂದ ನಾವು ಪರಸ್ಪರ ಕೈ ಬೀಸಿದ್ದೇವೆ, ಹವೆಯ ಬಗ್ಗೆ ಒಮ್ಮತಕ್ಕೆ ಬಂದಿದ್ದೇವೆ, ಅದಕ್ಕಿಂತ ಮುಂದೆ ಹೋದವರಲ್ಲ. ಇತಿಹಾಸ ಬೇಕು ಎಂದಾಗ ಆಕೆ ನಿಂಬೆ ಪಾನಕ ಮುಂದಿಟ್ಟು ಶುರು ಮಾಡಿದರು. ಇಲ್ಲೆಲ್ಲ ಸೇಬಿನ ತೋಟವಿತ್ತಂತೆ. ಮಿಲ್ ಲೇನಿನ ಕೊನೆಯಲ್ಲಿ ಒಬ್ಬಂಟಿಯಾಗಿ ನಿಂತ ಮುದಿ ಸೇಬಿನ ಮರ ಆ ತೋಟದ್ದೇ ಅಂತೆ. ಬಾತುಗಳು ಸಭೆ ಸೇರುವ ಕೊಳ ಮಳೆನೀರಿಗೆಂದು ತೋಡಿದ್ದಂತೆ. ನಾನು ಬರೆದುಕೊಂಡೆ. ಸಾಲದೆನಿಸಿತು. ಇನ್ನೇನಾದರೂ, ಹಳೆಯದು, ವಿಚಿತ್ರದ್ದು, ಎಂದೆ.

ನಿಮ್ಮ ಡೊಂಕು ಇದೆಯಲ್ಲ, ಎಂದರು ಡೊರೊತಿ.

ಅದನ್ನು ಮುಂದಿನ ತಿಂಗಳು ಒಡೆಸುತ್ತಿದ್ದೇನೆ ಎಂದು ವಿಜಯದ ನಗೆ ನಕ್ಕೆ. ಆಕೆ ಪಾನಕದ ಲೋಟ ಕೆಳಗಿಟ್ಟರು. ನಿಮ್ಮ ಹೆಂಡತಿಗೆ ಬೇಜಾರಿಲ್ಲವೆ, ಎಂದು ಕೇಳಿದರು. ನಾನು ಬೆಪ್ಪಾಗಿ ನೋಡಿದೆ. ಆಗ ಆಕೆ ಹೇಳಿದ್ದು ಇದು.

ಸೈಡ್‌ವಾಕಿಗೆಂದು ಕೆಲಸದವರು ಹುಲ್ಲು ಕೆತ್ತಿ, ಮಣ್ಣು ಹರವಿ, ನೀರು ಹೊಡೆದು, ದಮ್ಮಸು ಮಾಡಿ ಹೋಗಿದ್ದರು. ಮಾರನೆಯ ದಿನ ಆಗಸ್ಟಿನ ಒಂದು ಶುಕ್ರವಾರ. ಬೆಳಿಗ್ಗೆ ರೇಷ್ಮೆ ಬಟ್ಟೆಯುಟ್ಟ ನಿಮ್ಮ ಹೆಂಡತಿ ಹೊರಗೆ ಬಂದು ಆ ಮಣ್ಣನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಒಳಗೆ ಹೋಗಿ ಒಂದು ಡಬ್ಬಿ ತಂದು, ಬಗ್ಗಿ, ಒಂದು ಗಂಟೆ ಕಾಲ ಬಿಳಿ ಪುಡಿಯಲ್ಲಿ ಗೆರೆ ಎಳೆದಳು. ನಡುನಡುವೆ ಹಳದಿ ತುಂಬಿದಳು, ಕೆಂಪು ತುಂಬಿದಳು. ನಾನು ಈ ಕಿಟಕಿಯಿಂದಲೇ ನೋಡಿದೆ. ಅವಳು ಒಳಗೆ ಹೋದ ಮೇಲೆ ಸಿಮೆಂಟಿನ ಲಾರಿ ಬಂತು.

ಈ ದೇಶದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನೆಲ ಅಗೆಯುವ ಮೊದಲು ಎಲ್ಲೆಲ್ಲಿ ಏನು ಹೂತಿದೆ ಎಂದು ಬಣ್ಣದ ಗೆರೆ ಎಳೆದು ಗುರುತು ಮಾಡುತ್ತಾರೆ. ಹಳದಿಯಿದ್ದರೆ ಕೆಳಗೆ ಗ್ಯಾಸಿನ ಕೊಳವೆ. ಕೆಂಪಿದ್ದರೆ ಕರೆಂಟು. ಬಿಳಿಯಿದ್ದರೆ ಇಲ್ಲಿ ಯಾರೋ ಅಗೆಯಲಿದ್ದಾರೆ ಎಂದರ್ಥ. ಅದನ್ನು ಮೀರಿ ಗುದ್ದಲಿ ಹಾಕಿದವನು ಊರನ್ನೇ ಸುಡಬಲ್ಲ.

ಡೊರೊತಿ ಕೆಲಸದವರಿಗೆ ಪಾನಕ ತೆಗೆದುಕೊಂಡು ಹೋದಾಗ ಮೇಸ್ತ್ರಿ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದನಂತೆ. ಗ್ಯಾಸು, ಕರೆಂಟು ಎಲ್ಲ ಹೀಗೆ ಸುತ್ತಿ ಸುತ್ತಿ ಗಂಟು ಬಿದ್ದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೆಳಗೆ ಏನೋ ಬಹಳ ದೊಡ್ಡದಿದೆ ಎಂದನಂತೆ. ಶುಕ್ರವಾರ ಬೇರೆ, ಲಾರಿಯಲ್ಲಿ ಸಿಮೆಂಟು ಗಟ್ಟಿಯಾಗುತ್ತಿದೆ. ಸಿಮೆಂಟು ತಡೆಯುವ ಹಲಗೆಗಳನ್ನು ಬಾಗಿಸಿ ಸುತ್ತುಹಾಕಿ ಹೋಗೋಣ ಎಂದನಂತೆ.

ಎಷ್ಟು ಹುಷಾರಾಗಿ ಹೋದರು ಗೊತ್ತೆ, ಒಂದು ಗೆರೆಯನ್ನೂ ತುಳಿಯಲಿಲ್ಲ, ಎಂದರು ಡೊರೊತಿ. ನಿಮ್ಮಲ್ಲಿ ಅದು ಪೂಜ್ಯವಾದ ಜಾಗವೇನೋ, ಸುತ್ತಿಕೊಂಡು ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಇವತ್ತಿಗೂ ನಾನು ನಡೆಯುವಾಗ ಆ ಹುಲ್ಲನ್ನು ದಾಟುವುದಿಲ್ಲ.

ರಸ್ತೆ ದಾಟಿ ಮನೆಗೆ ಬಂದೆ. ಡೊಂಕಿನ ಮೇಲೆ ನಿಂತೆ. ಆಮೇಲೆ ಒಳಗೆ ಹೋದೆ. ಜಯ ಹ್ಯಾಡರ್ಲಿಯನ್ನು ಪಕ್ಕಕ್ಕಿಟ್ಟು ಹಿಟ್ಟು ಕಲಸುತ್ತಿದ್ದಳು.

"ವರಮಹಾಲಕ್ಷ್ಮಿ ಹಬ್ಬ. ಸೈಡ್‌ವಾಕು. ರಂಗೋಲಿ," ಎಂದೆ, ಪೊಲೀಸಿನವರ ಧಾಟಿಯಲ್ಲಿ.

ಅವಳ ಕೈ ನಿಂತಿತು. "ಡೊರೊತಿ ಹೇಳಿದ್ರಾ?"

"ಇಪ್ಪತ್ತೈದು ವರ್ಷ ಮುಚ್ಚಿಟ್ಟೆಯಲ್ಲೇ!"

"ಏನ್ ಮಾಡ್ಲಿ ರೀ? ಪೂಜೆ ಮುಗಿಸಿ ಹೊರಗೆ ಬಂದು ನೋಡ್ತೀನಿ, ದಾರಿ ಸೊಟ್ಟಗಾಗಿದೆ! ನೀವು ಆಗಷ್ಟೇ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದ್ರಿ. ದಾರಿ ಕೆಲಸ ಗೌರ್ಮೆಂಟ್‌ದು ಅಂದ್ಕೊಂಡೆ. ಇವಳೇ ಅಡ್ಡಿ ಮಾಡಿದ್ದು ಅಂತ ಎಲ್ಲಾದ್ರೂ ಬರೆದುಬಿಟ್ರೆ? ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ. ನೀವು ಆಫೀಸಿಂದ ಬರೋಷ್ಟರಲ್ಲಿ ನೀರು ಹಾಕಿ ತೊಳೆದುಬಿಟ್ಟಿದ್ದೆ."

"ಆಮೇಲಾದ್ರೂ ಹೇಳಬಹುದಿತ್ತು."

"ಆಮೇಲೆ ನೀವು ಕಾಗದ ಬರೆಯೋಕೆ ಕೂತ್ರಿ. ಮೊದಲನೇ ಕಾಗದದಲ್ಲೇ ಯಾವನೋ ಮೂರ್ಖನ ಕೆಲಸ ಅಂತ ಬರೆದು ನನಗೇ ಓದಿ ಹೇಳಿದ್ರಿ. ನಾನೇ ಆ ಮೂರ್ಖ ಅಂತ ಹೇಗೆ ಹೇಳಲಿ?"

ದಾರಿಯ ಮಣ್ಣಿನ ಮೇಲೆ ರಂಗೋಲಿ ಹಾಕುವ ಬುದ್ಧಿ ಯಾಕೆ ಬಂತು ಎಂದೆ. ಅವಳು ಹಿಟ್ಟಿನ ಕೈಯನ್ನು ಪಾತ್ರೆಯ ಅಂಚಿಗೆ ಒರೆಸಿದಳು.

"ಈ ದೇಶಕ್ಕೆ ಬಂದಮೇಲೆ ಮನೆ ಮುಂದೆ ಮಣ್ಣು ಕಂಡಿದ್ದು ಅದೇ ಮೊದಲು ರೀ. ಗ್ಯಾರೇಜಿನ ಸಿಮೆಂಟ್ ಮೇಲೆ ಎರಡೆಳೆ ಎಳೆದು ಎಳೆದು ಬೇಜಾರಾಗಿತ್ತು. ಅವತ್ತು ನೋಡಿದ್ರೆ ಸಾರಿಸಿದ ಅಂಗಳದ ಹಾಗಿತ್ತು. ನನಗೋಸ್ಕರವೇ ನೀರು ಚಿಮುಕಿಸಿ ಇಟ್ಟಿದಾರೇನೋ ಅನ್ನಿಸ್ತು."

ತಕ್ಷಣ ಸಂಘದ ಕಾರ್ಯದರ್ಶಿಗೆ ಫೋನು ಮಾಡಿದೆ. ಹಿಂದಿನ ಬೀದಿಯ ಯುವಕ. ನನ್ನ ಹೆಸರು ಕೇಳಿದರೇ ನಿಟ್ಟುಸಿರು ಬಿಡುವ ಸಜ್ಜನ. ದೂರನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ, ಡೊಂಕನ್ನು ಮುಟ್ಟಬೇಡಿ ಎಂದೆ. ಆಳುಗಳನ್ನು ಗೊತ್ತುಮಾಡಿ ಆಗಿದೆ. ಕಾರಣ ಬೇಕು ಎಂದ. ಅದು ಐತಿಹಾಸಿಕ ಸ್ಥಳ ಎಂದೆ. ಯಾವ ದಾಖಲೆಯಲ್ಲಿದೆ ಎಂದು ಕೇಳಿದ. ಇನ್ನೂ ಇಲ್ಲ, ಬರೆಯುತ್ತಿದ್ದೇನೆ ಎಂದೆ. ಹಾಗಾದರೆ ಲಿಖಿತವಾಗಿ ಕೊಡಿ ಎಂದ. ಲಿಖಿತವಾಗಿ ಕೊಡುವುದು ನನಗೆ ಹೇಳಿಕೊಡಬೇಕೆ? ಕೂತು ನನ್ನ ಕಟ್ಟಕಡೆಯ ಕಾಗದ ಬರೆದೆ. ಮೊದಲ ಕಾಗದದ ಮೂರ್ಖ ಎಂಬ ಪದವನ್ನು ಬೇಷರತ್ತಾಗಿ ಹಿಂತೆಗೆದುಕೊಂಡೆ. ಡೊರೊತಿಯವರು ಸಾಕ್ಷಿ ಎಂದು ಸಹಿ ಹಾಕಿದರು. ಜಯ ಆ ಸಲವೂ ಕಾಫಿ ತಂದಿಟ್ಟಳು. ಆದರೆ ಪಕ್ಕದಲ್ಲೇ ಕೂತಳು. ವಾರದ ಮೇಲೆ ಒಂದು ಸಾಲಿನ ಉತ್ತರ ಬಂತು: ಡೊಂಕು ಇದ್ದಹಾಗೇ ಇರುತ್ತದೆ. ಫ್ರಿಜ್ಜಿನ ಮೇಲಿನ ಹಳೆಯ ಕಾಗದ ಕಿತ್ತು ಇದನ್ನು ಅಂಟಿಸಿದೆ.

ಮೇ ಮೊದಲ ವಾರ ಸೀತಾರಾಮು ಹೊರಡುವ ಮುನ್ನ ಹೇಳಿಹೋಗಲು ಬಂದ. ಮತ್ತೆ ಅದೇ ಗಡಿಯಾರ, ಅದೇ ಪಡವಲಕಾಯಿ. ಈ ವರ್ಷ ಮೊದಲ ಬಹುಮಾನದ ಮೇಲೆ ಕಣ್ಣು. ಇನ್ನಷ್ಟು ಬೀಜ ಬೇಕಂತೆ. ಕೊಟ್ಟೆ. ಆಮೇಲೆ ನಿಧಾನವಾಗಿ, ಉಪ್ಪಿಟ್ಟು ಮುಗಿಯುವವರೆಗೆ ಕಾದು, ನಮ್ಮ ಡೊಂಕಿನ ಕಥೆ ಹೇಳಿದೆ.

ಸೀತಾರಾಮು ತಟ್ಟೆ ಕೆಳಗಿಟ್ಟ. ಎದ್ದು ಹೊರಗೆ ಹೋದ. ನಾವೂ ಹಿಂದೆ ಹೋದೆವು. ಡೊಂಕಿನ ಈ ತುದಿಯಿಂದ ಆ ತುದಿಗೆ ನಡೆದ. ಹೆಜ್ಜೆ ಅಳೆಯುತ್ತ ಹಿಂತಿರುಗಿದ. ಹುಲ್ಲಿನ ಮೇಲೆ ಅಡ್ಡ ದಾಟಲಿಲ್ಲ ಎಂಬುದನ್ನು ಗಮನಿಸಿದೆ.

"ನಮ್ಮ ಹ್ಯಾಡರ್ಲಿ ಡೊಂಕು ಇದಕ್ಕಿಂತ ದೊಡ್ಡದು ಕಣಯ್ಯ," ಎಂದ.

"ಇರಬಹುದು."

"ಬಹಳ ಹಳೇದು."

"ಒಪ್ಪಿದೆ. ಆದರೆ ಅದು ಯಾಕಾಯ್ತು ಅಂತ ನಿಮ್ಮೂರಲ್ಲಿ ಯಾರಿಗಾದ್ರೂ ಗೊತ್ತೇನಯ್ಯ?"

ಸೀತಾರಾಮು ನನ್ನನ್ನು ನೋಡಿದ. ಆ ಮುಖ ನನಗೆ ಬಲು ಪರಿಚಿತ. ಅಕ್ಟೋಬರಿನಿಂದ ದಿನಾ ಬೆಳಿಗ್ಗೆ ಶೇವ್ ಮಾಡುವಾಗ ಕನ್ನಡಿಯಲ್ಲಿ ಕಂಡ ಮುಖ ಅದು. ನಲವತ್ತು ವರ್ಷದ ಸ್ನೇಹದಲ್ಲಿ ಅವನು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು. ಗೆಳೆಯನಾಗಿ ನನಗೆ ತುಂಬ ಸಂತೋಷವಾಯಿತು.

ಅವನು ತಿರುಗಿ ಜಯಳನ್ನು ಕೇಳಿದ. ಧ್ವನಿಯಲ್ಲಿ ಇತಿಹಾಸ ಬರೆಯುವ ಹಿರಿಯರ ಗಾಂಭೀರ್ಯ ಬಂದಿತ್ತು. "ಜಯಮ್ಮನವರೇ, ಅದು ಎಷ್ಟು ಚುಕ್ಕಿ ರಂಗೋಲಿ?"

"ಹದಿನೈದು ಚುಕ್ಕಿ, ಎಂಟಕ್ಕೆ ನಿಲ್ಲಿಸೋದು. ಮಧ್ಯ ಚುಕ್ಕಿ," ಎಂದಳು ಜಯ, ಇಪ್ಪತ್ತೈದು ವರ್ಷ ಬಾಯಿತುದಿಯಲ್ಲೇ ಇಟ್ಟುಕೊಂಡವಳಂತೆ. ಆಮೇಲೆ ಸೆರಗಿನ ತುದಿ ತಿರುವುತ್ತ, ನನ್ನ ಸ್ನೋ ಬ್ಲೋವರ್ ಪ್ರತಿ ಚಳಿಗಾಲವೂ ಬಡಿಯುವ ಆ ಮೊಣಕೈಯನ್ನೇ ನೋಡುತ್ತ ಹೇಳಿದಳು, "ಆ ಮೂಲೇಲಿ ಒಂದು ಎಳೆ ತಪ್ಪಿ ಆಚೆ ಹೋಗಿಬಿಡ್ತು. ಪೂಜೆಗೆ ಹೊತ್ತಾಗಿತ್ತು, ಹಾಗೇ ಬಿಟ್ಟೆ. ಪಾಪ, ಅವರು ಅದನ್ನೂ ಸುತ್ತಿಕೊಂಡು ಹೋಗಿದಾರೆ. ಅದೊಂದು ಬರೀಬೇಡಿ ರೀ."

ಊರಿನ ಇತಿಹಾಸ ಬರೆಯುವವನು ದಾಕ್ಷಿಣ್ಯಕ್ಕೆ ಒಳಗಾಗಬಾರದು. ಮೊದಲ ಪುಟದಲ್ಲೇ ಬರೆದಿದ್ದೇನೆ.